ಹಳೇ ಕೂಲರ್‌ಗೆ ಕರೆಂಟ್ ಕೊಡೋ ಮುಂಚೆ ಒಂದು ಸೀರೀಸ್ ಬೋರ್ಡ್ ಮಾಡಿಕೊಳ್ಳಿ

ಎಲ್‌ಇಡಿ ಬಂದ ಮೇಲೆ ಹಳದಿ ಬೆಳಕಿನ ಗುಂಡು ಬಲ್ಬ್ ಯಾರಿಗೂ ಬೇಡವಾಗಿದೆ. ಆದರೆ ಮನೆಯಲ್ಲಿ 100 ವ್ಯಾಟಿನದೊಂದು ಉಳಿದಿದ್ದರೆ ಬಿಸಾಕಬೇಡಿ. ರಾಯಚೂರಿನ ಬಿಸಿಲು ಗೊತ್ತಲ್ವಾ, ಶಿವರಾತ್ರಿ ಮುಗಿಯುತ್ತಿದ್ದಂತೆ ಎಲ್ಲರ ಮನೆಯಲ್ಲೂ ಕೂಲರ್ ಹೊರಗೆ ಬರುತ್ತೆ, ತಿಂಗಳುಗಟ್ಟಲೆ ಧೂಳು ತಿಂದಿರುತ್ತೆ, ಒಳಗೆ ಇಲಿ ವೈರ್ ಕಡಿದಿದ್ದರೂ ಗೊತ್ತಾಗಲ್ಲ, ಅದನ್ನು ಸೀದಾ ಪ್ಲಗ್ಗಿಗೆ ಹಾಕಿದರೆ ಕೆಲವೊಮ್ಮೆ ಢಂ ಅನ್ನುತ್ತೆ. ಕರೆಂಟ್ ಬರೋ ದಾರಿಯ ನಡುವೆ ಈ ಬಲ್ಬ್ ಕೂರಿಸಿದರೆ, ಅದೇ ಸೀರೀಸ್ ಬೋರ್ಡ್, ಶಾರ್ಟ್ ಇದ್ದರೂ ಬಲ್ಬ್ ಉರಿಯುತ್ತೆ, ಅಷ್ಟೇ.

ಬೇಕಾಗೋದು ಒಂದು ಪಿವಿಸಿ ಬಾಕ್ಸ್, ಸ್ವಿಚ್, ಬಲ್ಬ್ ಹೋಲ್ಡರ್, ಮೂರು ಪಿನ್ನಿನ ಸಾಕೆಟ್, ಪ್ಲಗ್ ಇರುವ ಮೂರೆಳೆ ವೈರ್. ಫೇಸ್ ಮೊದಲು ಸ್ವಿಚ್ಚಿಗೆ ಬರಲಿ. ಅಲ್ಲಿಂದ ಹೋಲ್ಡರ್‌ನ ಒಂದು ಸ್ಕ್ರೂಗೆ, ಇನ್ನೊಂದು ಸ್ಕ್ರೂನಿಂದ ಸಾಕೆಟ್‌ನ ಫೇಸ್ ಕಡೆಗೆ. ನ್ಯೂಟ್ರಲ್ ಮತ್ತು ಅರ್ಥಿಂಗ್ ಎರಡೂ ಸೀದಾ ಸಾಕೆಟ್‌ಗೆ. ವೈರಿಂಗ್ ಮಾಡುವಾಗ ಪ್ಲಗ್ ಗೋಡೆಯಲ್ಲಿ ಇರಲೇಬಾರದು. ವೈರಿಂಗ್ ರೂಢಿ ಇಲ್ಲದವರು ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಎಲ್‌ಇಡಿ ಯಾಕೆ ಆಗಲ್ಲ ಅಂದ್ರೆ, ಇಲ್ಲಿ ಕೆಲಸ ಮಾಡೋದು ಬೆಳಕಲ್ಲ, ತಂತಿ. ಗುಂಡು ಬಲ್ಬಿನೊಳಗೆ ಕೂದಲೆಳೆಯಷ್ಟು ಸಣ್ಣ ಟಂಗ್‌ಸ್ಟನ್ ತಂತಿ ಸುರುಳಿ ಸುತ್ತಿಕೊಂಡಿರುತ್ತೆ. ಕರೆಂಟ್ ಹರಿದಾಗ ಅದು ಸುಮಾರು 2500 ಡಿಗ್ರಿವರೆಗೆ ಕಾದು ಬೆಳಗುತ್ತೆ. ಟಂಗ್‌ಸ್ಟನ್ ಕರಗೋದು 3422 ಡಿಗ್ರಿಗೆ, ಹಾಗಾಗಿ ತಡ್ಕೊಳ್ಳುತ್ತೆ. ಗಾಳಿ ತಗುಲಿದರೆ ಮಾತ್ರ ಕ್ಷಣದಲ್ಲಿ ಸುಟ್ಟುಹೋಗುತ್ತೆ, ಅದಕ್ಕೇ ಗಾಳಿ ತೆಗೆದು ಆರ್ಗಾನ್, ನೈಟ್ರೋಜನ್ ತುಂಬಿರುತ್ತಾರೆ. ತಿಂದ ಕರೆಂಟಿನಲ್ಲಿ ಬೆಳಕಾಗೋದು ನೂರಕ್ಕೆ ಐದರಷ್ಟು ಇದ್ದರೆ ಹೆಚ್ಚು. ಉಳಿದದ್ದೆಲ್ಲ ಶಾಖ.

ಮಲ್ಟಿಮೀಟರ್ ಇದ್ದರೆ ಒಂದು ಮಜಾ ನೋಡಿ. ಹೋಲ್ಡರ್‌ನಿಂದ ಬಿಚ್ಚಿ ತಣ್ಣಗಾದ 100 ವ್ಯಾಟ್ ಬಲ್ಬಿನ ಎರಡು ತುದಿಗೆ ಹಿಡಿದರೆ ತಂತಿಯ ತಡೆ 35–40 ಓಮ್ ಆಸುಪಾಸು ತೋರಿಸುತ್ತೆ. ಲೆಕ್ಕ ಹಾಕಿದರೆ (230×230÷100) 230 ವೋಲ್ಟಿಗೆ 529 ಓಮ್ ಬರಬೇಕಲ್ಲ? ಮೀಟರ್ ಕೆಟ್ಟಿಲ್ಲ. ತಂತಿ ಕಾದಂತೆ ಅದರ ತಡೆ ಹತ್ತು ಪಟ್ಟಿಗೂ ಮೀರಿ ಏರುತ್ತೆ, ಅಷ್ಟೇ. ನಮಗೆ ಬೇಕಾಗಿರೋದೂ ಇದೇ ಗುಣ. ಕೂಲರ್ ಸರಿ ಇದ್ದು ಸ್ವಲ್ಪ ಕರೆಂಟ್ ಎಳೆದರೆ ಬಲ್ಬ್ ಹೆಚ್ಚು ಅಡ್ಡ ಬರಲ್ಲ, ಜಾಸ್ತಿ ಎಳೆದರೆ ತಾನೇ ಕಾದು ತಡೆಯುತ್ತೆ. ಪೂರ್ತಿ ಶಾರ್ಟ್ ಆಗಿದ್ದರೂ ಅರ್ಧ ಆಂಪಿಯರ್ ಕೂಡ ದಾಟಲ್ಲ. ಸ್ವಿಚ್ ಹಾಕಿದ ಗಳಿಗೆಯಲ್ಲೇ ಹಳೇ ಬಲ್ಬ್ ಪಟ್ ಅಂತ ಹೋಗೋದೂ ಇದರಿಂದಲೇ, ತಣ್ಣಗಿನ ತಂತಿಗೆ ಒಮ್ಮೆಲೇ ಕರೆಂಟ್ ನುಗ್ಗುತ್ತೆ.

ಈಗ ಕೂಲರ್ ಪ್ಲಗ್ ಬೋರ್ಡಿಗೆ ಹಾಕಿ. ನೀರು ತುಂಬಬೇಡಿ, ಮೈ ಮುಟ್ಟಬೇಡಿ, ಚಪ್ಪಲಿ ಹಾಕಿಕೊಂಡೇ ನಿಲ್ಲಿ. ಕೂಲರ್‌ನ ಸ್ವಿಚ್ ಆಫ್ ಇದ್ದಾಗಲೇ ಬಲ್ಬ್ ಝಗ್ ಅಂತ ಉರಿದರೆ ವೈರ್ ಎಲ್ಲೋ ಶಾರ್ಟ್, ಇಲ್ಲಾ ಫೇಸ್ ಬಾಡಿಗೆ ತಾಗಿ ಅರ್ಥಿಂಗ್‌ಗೆ ಹೋಗುತ್ತಿದೆ. ಆಫ್ ಇದ್ದಾಗ ಏನೂ ಆಗದೆ, ಫ್ಯಾನ್ ಹಾಕಿದಾಗ ಮಂಕಾಗಿ ಉರಿದು ರೆಕ್ಕೆ ನಿಧಾನಕ್ಕೆ ತಿರುಗಿದರೆ ಅಥವಾ ಬರೀ ಗುಂಯ್ ಅಂದರೆ ಗಾಬರಿ ಬೇಡ, ವೋಲ್ಟೇಜ್ ಬಲ್ಬಿನ ಪಾಲಿಗೂ ಹೋಗುತ್ತಿದೆಯಲ್ಲ. ಬಲ್ಬ್ ಪೂರ್ತಿ ಬೆಳಗಿದರೆ ಒಮ್ಮೆ ಪ್ಲಗ್ ಕಿತ್ತು ರೆಕ್ಕೆ ಕೈಯಿಂದ ತಿರುಗಿಸಿ ನೋಡಿ, ಜಾಮ್ ಆಗಿರಬಹುದು. ಜಾಮ್ ಇಲ್ಲದಿದ್ದರೆ ಮೋಟರಿನೊಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟಿರಬೇಕು. ಫ್ಯಾನ್ ಹಾಕಿದರೂ ಏನೂ ಆಗದಿದ್ದರೆ ವೈರ್ ಎಲ್ಲೋ ಕಟ್.

ಇಷ್ಟು ಮಾತ್ರ ಗಟ್ಟಿ ನೆನಪಿರಲಿ: ಬಲ್ಬ್ ಉರಿಯಲಿಲ್ಲ ಅಂದ ಮಾತ್ರಕ್ಕೆ ಶಾಕ್ ಹೊಡೆಯಲ್ಲ ಅಂತಲ್ಲ. ಮನುಷ್ಯನ ಜೀವ ತೆಗೆಯುವಷ್ಟು ಲೀಕೇಜಿಗೆ 100 ವ್ಯಾಟ್ ಬಲ್ಬ್ ಮಿಣುಕುವುದೂ ಇಲ್ಲ. ನೀರಿರೋ ಕೂಲರ್‌ಗೆ ಒಳ್ಳೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಲೀಕೇಜ್ ಆದ ಕೂಡಲೇ ತಾನೇ ಕರೆಂಟ್ ಕಡಿಯೋ ಸ್ವಿಚ್) ಬೇಕೇ ಬೇಕು, ಈ ಬೋರ್ಡ್ ಅದರ ಬದಲಿ ಅಲ್ಲ.

ಇದೇ ಬೋರ್ಡಿಗೆ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಅದು ಚೆನ್ನಾಗಿದ್ದರೂ ಬಲ್ಬ್ ಹೆಚ್ಚುಕಮ್ಮಿ ಪೂರ್ತಿ ಉರಿಯುತ್ತೆ, ಶಾರ್ಟ್ ಅಂದುಕೊಂಡು ಅಂಗಡಿಗೆ ಓಡಬೇಡಿ. ಅಂಥವಕ್ಕೆ 200 ವ್ಯಾಟ್ ಬಲ್ಬ್ ಸಿಕ್ಕರೆ ಒಳ್ಳೇದು, ಇಲ್ಲದಿದ್ದರೆ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿಯಿರಿ. 1000 ವ್ಯಾಟಿನ ಪೆಟ್ಟಿಗೆ 50 ಓಮ್ ಹತ್ತಿರ ತೋರಿಸಿದರೆ ಅದರ ಕಾಯಿಲ್ ಸರಿ ಇದೆ.