ಮಲೆನಾಡಿನ ಕೈತೋಟಕ್ಕೆ ಯಾವ ಹತಾರ ಕೊಳ್ಳಬೇಕು?

ಆನ್‌ಲೈನ್‌ನಲ್ಲಿ ಐದು ಸಾಮಾನಿನ ಗಾರ್ಡನ್ ಸೆಟ್ ಅಂತ ಬರುತ್ತದಲ್ಲ, ಬಣ್ಣದ ಹಿಡಿ, ತೆಳ್ಳನೆ ತಗಡು, ಅದನ್ನು ಮೊದಲು ಮರೆತುಬಿಡಿ. ಕುಂಡದಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೆದಕಲು ಪರವಾಗಿಲ್ಲ. ಚಿಕ್ಕಮಗಳೂರಿನ ಕೆಂಪು ನೆಲ ಮಾರ್ಚ್‌ನಲ್ಲಿ ಎಷ್ಟು ಗಟ್ಟಿಯಾಗಿರುತ್ತದೆ ಅಂತ ಗೊತ್ತಲ್ವಾ? ಆ ತಗಡು ನಾಲ್ಕು ಗುಂಡಿ ತೋಡುವಷ್ಟರಲ್ಲಿ ಕತ್ತು ಬಗ್ಗಿಸುತ್ತದೆ.

ಹತಾರ ಮುರಿಯುವುದು ಹೆಚ್ಚಾಗಿ ಅಲಗು ಮತ್ತು ಹಿಡಿ ಸೇರುವ ಜಾಗದಲ್ಲಿ. ಹಾಗಾಗಿ ಅಂಗಡಿಯಲ್ಲಿ ಮೊದಲು ಅಲ್ಲೇ ಕಣ್ಣಿಡಿ. ಕೈ ಸನಿಕೆ ಆದರೆ ಕಂಬಿ ಹಿಡಿಯೊಳಗೆ ಆಳಕ್ಕೆ ಹೋಗಿರಬೇಕು. ಎರಡು ಚುಕ್ಕಿ ವೆಲ್ಡಿಂಗ್ ಮಾಡಿ ಮೇಲೆ ಪೇಂಟ್ ಬಳಿದಿದ್ದರೆ ವಾಪಸ್ ಇಟ್ಟುಬಿಡಿ. ಮೂತಿಯನ್ನು ನೆಲಕ್ಕೆ ಊರಿ ಸ್ವಲ್ಪ ಭಾರ ಹಾಕಿ ನೋಡಿ, ಅಂಗಡಿಯವರು ಮುಖ ಗಂಟಿಕ್ಕಿದರೂ ಚಿಂತೆ ಇಲ್ಲ.

ಗುದ್ದಲಿ, ಕತ್ತಿ, ಕುಡುಗೋಲು ಬೇಕಿದ್ದರೆ ಹತ್ತಿರದಲ್ಲಿ ಕುಲುಮೆ ಇದೆಯಾ ಕೇಳಿ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಹೊಡೆದು ಹದ ಹಾಕಿದ ಕತ್ತಿಗೆ ಸಾಣೆ ಚೆನ್ನಾಗಿ ನಿಲ್ಲುತ್ತದೆ, ಬಾಯಿ ಮೊಂಡಾದರೆ ಅಲ್ಲೇ ಬಡಿಸಿ ಚೂಪು ಮಾಡಿಸಿಕೊಂಡು ಬರಬಹುದು. ಕಾವು, ಅಂದರೆ ಮರದ ಹಿಡಿಯ ವಿಷಯಕ್ಕೆ ಬಂದರೆ, ನಾರು ಉದ್ದಕ್ಕೆ ನೆಟ್ಟಗೆ ಓಡಿರಬೇಕು, ಗಂಟು ಇರಬಾರದು. ಜಾಲಿ ಒಳ್ಳೆಯದು. ತೋಟದಲ್ಲಿ ಸುಮ್ನೆ ಬಿದ್ದಿದೆ ಅಂತ ಸಿಲ್ವರ್ ಓಕ್ ಕೆತ್ತಿಸಬೇಡಿ, ಪೆಟ್ಟು ಬಿದ್ದರೆ ಸೀಳುತ್ತದೆ. ಪೇಂಟ್ ಹೊಡೆದ ಕಾವು ಬೇಡವೇ ಬೇಡ, ಗಂಟೆಲ್ಲ ಅದರಡಿ ಮುಚ್ಚಿಹೋಗಿರುತ್ತದೆ. ಇನ್ನೊಂದು, ಜುಲೈನಲ್ಲಿ ಕೊಂಡ ಗುದ್ದಲಿ ಕಾವು ಬಿಗಿಯಾಗಿದೆ ಅಂತ ಖುಷಿಪಡಬೇಡಿ. ಮಳೆಗಾಲದಲ್ಲಿ ಮರ ಊದಿಕೊಂಡಿರುತ್ತದೆ, ಫೆಬ್ರವರಿಗೆ ಒಣಗಿ ಅಲ್ಲಾಡಲು ಶುರು. ಒಣಗಿದ ಕಾವು ನೋಡಿ ಬೇಸಿಗೆಯಲ್ಲೇ ಕೊಂಡರೆ ಈ ತಾಪತ್ರಯ ಕಡಿಮೆ.

ದುಡ್ಡು ಜಾಸ್ತಿ ಹಾಕಬೇಕಾದ ಸಾಮಾನು ಒಂದೇ, ಸಿಕೇಚರ್, ಅಂದರೆ ಕೊಂಬೆ ಸವರುವ ಕೈಕತ್ತರಿ. ಕಾಫಿ ಕಸಿ (ಗಿಡದ ಕೊಂಬೆ ಸವರುವುದು) ಮಾಡುವ ಊರು ನಮ್ಮದು, ತೋಟದ ಸಾಮಾನು ಮಾರುವ ಅಂಗಡಿಗಳಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ಮನೆ ಅಲಂಕಾರದ ಅಂಗಡಿಗೆ ಹೋಗಬೇಡಿ. ಎರಡು ಅಲಗು ಕತ್ತರಿಯ ಹಾಗೆ ಪಕ್ಕಪಕ್ಕ ಜಾರುವ ಬೈಪಾಸ್ ನಮೂನೆ ತಗೊಳ್ಳಿ, ಗುಲಾಬಿ, ದಾಸವಾಳದ ಹಸಿ ಕೊಂಬೆಯನ್ನು ಜಜ್ಜದೆ ಕತ್ತರಿಸುತ್ತದೆ. ಒಂದೇ ಅಲಗು ಚಪ್ಪಟೆ ಪಟ್ಟಿಗೆ ಬಡಿಯುವ ಆನ್ವಿಲ್ ನಮೂನೆ ಒಣ ಕಡ್ಡಿಗೆ ಸರಿ. ಸಿಕೇಚರ್ ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ನೋಡಿ, ನಡುವೆ ಬೆಳಕು ತೂರಿದರೆ ಬೇಡ. ತುದಿಯಲ್ಲಿ ಒಂದು ಕಾಗದ ಕತ್ತರಿಸಿ ನೋಡಿ, ಹರಿಯಬಾರದು. ನಡುವಿನ ನಟ್ಟು ಬಿಚ್ಚುವ ಹಾಗಿರಲಿ, ರಿವಿಟ್ ಹೊಡೆದದ್ದು ಸಡಿಲವಾದರೆ ಬಿಗಿ ಮಾಡುವುದು ಕಷ್ಟ. ಸ್ಪ್ರಿಂಗ್, ಅಲಗು ಬಿಡಿಯಾಗಿ ಸಿಗುತ್ತದಾ ಕೇಳಿ. ಫಾಲ್ಕನ್, ಫೆಲ್ಕೋದಂಥ ಬ್ರ್ಯಾಂಡ್‌ಗಳು ಬಿಡಿಭಾಗ ಮಾರುತ್ತವೆ. ಚಿಕ್ಕ ಕೈಯವರಿಗೆ ದೊಡ್ಡ ಸಿಕೇಚರ್ ಪೂರ್ತಿ ಅಗಲಿಸಿದರೆ ಬೆರಳು ಎಟುಕುವುದಿಲ್ಲ, ಆದ್ದರಿಂದ ಬಳಸುವವರೇ ಹೋಗಿ ಹಿಡಿದು ನೋಡಬೇಕು. ಹೆಬ್ಬೆರಳಿಗಿಂತ ದಪ್ಪದ ಕೊಂಬೆಗೆ ಗರಗಸ ಬಳಸಿ.

ಸ್ಪ್ರೇಯರ್ ಪ್ಲಾಸ್ಟಿಕ್ ಡಬ್ಬ, ಹಿತ್ತಾಳೆ ನಾಜಲ್ ಇರುವುದು ಸಾಕು. ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಕಬ್ಬಿಣವನ್ನು ತಿಂದುಹಾಕುತ್ತದೆ. ಕಳೆನಾಶಕಕ್ಕೆ ಮಾತ್ರ ಬೇರೆಯದೇ ಇಡಿ, ಎಷ್ಟು ತೊಳೆದರೂ ಉಳಿದ ಪಸೆ ನಿಮ್ಮ ಟೊಮೆಟೊ ಗಿಡವನ್ನು ಸುಡಬಹುದು.

ಗ್ಲೌಸ್ ಅಂಗೈಗೆ ರಬ್ಬರ್ ಬಳಿದದ್ದು ಒಳ್ಳೆಯದು. ಗಮ್‌ಬೂಟು ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಇಂಬಳದ (ಜಿಗಣೆ) ಕಾಟಕ್ಕೆ ಬೇಕೇ ಬೇಕು, ಬಯಲುಸೀಮೆಯ ಕಡೂರು, ಅರಸೀಕೆರೆಯವರಿಗೆ ಅಷ್ಟೇನೂ ಇಲ್ಲ.

ಮಳೆಗಾಲದಲ್ಲಿ, ಸ್ಟೇನ್‌ಲೆಸ್ ಅಲ್ಲದಿದ್ದರೆ, ಎಷ್ಟು ಒಳ್ಳೆ ಉಕ್ಕಾದರೂ ಒಂದೇ ರಾತ್ರಿಗೆ ತುಕ್ಕು ಹಿಡಿಯಲು ಶುರುವಾಗುತ್ತದೆ. ಮಣ್ಣು ಒರೆಸಿ, ಎಣ್ಣೆ ಬಟ್ಟೆ ಆಡಿಸಿ, ಅಡುಗೆಮನೆ ಪಕ್ಕದ ಬೆಚ್ಚನೆ ಗೋಡೆಗೆ ನೇತುಹಾಕಿ. ಸಿಮೆಂಟ್ ನೆಲದ ಮೇಲೆ ನಿಲ್ಲಿಸಿದರೆ ಕಾವಿನ ಬುಡ ನೀರು ಕುಡಿಯುತ್ತದೆ.