ಪ್ರಿಸ್ಕೂಲ್ ಆರಿಸುವ ಮುನ್ನ ಒಂದು ಗಂಟೆ ತರಗತಿಯ ಮೂಲೆಯಲ್ಲಿ ಕೂತು ನೋಡಿ

‘ಮಗು ಕೇಂದ್ರಿತ’, ‘ಆಟದ ಮೂಲಕ ಕಲಿಕೆ’ ಎಂಬ ಮಾತುಗಳಿಲ್ಲದ ಪ್ರಿಸ್ಕೂಲ್ ಬ್ರೋಶರ್ ಈಗ ಸಿಗುವುದೇ ಕಷ್ಟ. ಆ ಮಾತು ನಿಜವೋ ಬರೀ ಮುದ್ರಣವೋ ಎಂದು ತಿಳಿಯಬೇಕಾದರೆ ತರಗತಿ ನಡೆಯುತ್ತಿರುವಾಗ ಒಳಗೆ ಕೂತು ನೋಡಬೇಕು. ನೋಡುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ಮುಂದಿನ ಹತ್ತು ನಿಮಿಷ ಈ ಮಗು ಏನು ಮಾಡಬೇಕೆಂದು ಇಲ್ಲಿ ತೀರ್ಮಾನಿಸುವವರು ಯಾರು?

ಎಲ್ಲವನ್ನೂ ಮಗುವೇ ತೀರ್ಮಾನಿಸಬೇಕೆಂದಲ್ಲ. ಆಟಿಕೆ ಸುರಿದು, ಮಕ್ಕಳನ್ನು ಬಿಟ್ಟು, ದೊಡ್ಡವರು ಪಕ್ಕದಲ್ಲಿ ಹರಟುತ್ತಿದ್ದರೆ ಅದು ಸ್ವಾತಂತ್ರ್ಯವಲ್ಲ, ನಿರ್ಲಕ್ಷ್ಯ. ಏನೇನು ಕೈಗೆ ಸಿಗಬೇಕು, ಯಾವ ನಿಯಮ ಮೀರಬಾರದು ಎಂದು ಟೀಚರ್ ಮೊದಲೇ ಯೋಚಿಸಿಟ್ಟಿರಬೇಕು. ಆ ಚೌಕಟ್ಟಿನೊಳಗೆ ಆಯ್ಕೆ ಮಗುವಿನದು.

ಮೊದಲು ಫೋನಿನಲ್ಲೇ ಜರಡಿ ಹಿಡಿಯಿರಿ

ಮನೆಯಿಂದ ಅರ್ಧ ಗಂಟೆಗಿಂತ ದೂರದ ಶಾಲೆಗಳನ್ನು ಪಟ್ಟಿಯಿಂದ ತೆಗೆದುಬಿಡಿ. ದಿನವೂ ಒಂದು ಗಂಟೆ ವಾಹನದಲ್ಲಿ ಕಟ್ಟಿಹಾಕಿದಂತೆ ಕೂರುವ ಮೂರು ವರ್ಷದ ಮಗುವಿಗೆ ಎಂಥ ಒಳ್ಳೆಯ ತರಗತಿಯೂ ದಣಿವಿನಲ್ಲೇ ಕಳೆಯುತ್ತದೆ.

ಉಳಿದವುಗಳಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ. ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು, ಎಷ್ಟು ದೊಡ್ಡವರು? ಎರಡು ವರ್ಷದವರಾದರೆ ಐದಾರು ಮಕ್ಕಳಿಗೆ ಒಬ್ಬರು, ಮೂರು–ನಾಲ್ಕು ವರ್ಷದವರಾದರೆ ಹತ್ತಕ್ಕೆ ಒಬ್ಬರು ಇರಬೇಕು. ಕಚೇರಿಯಲ್ಲಿ ಕೂರುವವರನ್ನು ಈ ಲೆಕ್ಕಕ್ಕೆ ಸೇರಿಸುವ ಚಾಳಿ ಇದೆ, ಹಾಗಾಗಿ ‘ಕೋಣೆಯೊಳಗೆ ಇಡೀ ಹೊತ್ತು ಇರುವವರು ಎಷ್ಟು’ ಎಂದು ಒತ್ತಿ ಕೇಳಿ. ಗುಂಪಿನ ಒಟ್ಟು ಗಾತ್ರವೂ ಮುಖ್ಯ. ನಲವತ್ತು ಮಕ್ಕಳ ಹಾಲ್‌ನಲ್ಲಿ ನಾಲ್ವರು ಟೀಚರ್‌ಗಳಿದ್ದರೆ ಅನುಪಾತವೇನೋ ಸರಿಯಾಗುತ್ತದೆ, ಆದರೆ ಆ ಗದ್ದಲದಲ್ಲಿ ಮೆಲುದನಿಯ ಮಗುವಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಎರಡನೆಯದು, ಸೇರಿಸಿಕೊಳ್ಳಲು ಮಗುವಿಗೆ ಪರೀಕ್ಷೆ ಇದೆಯೇ? ಇದ್ದರೆ ಅಲ್ಲಿಗೇ ಬಿಡಿ. ಮಗುವಿಗೆ ತಕ್ಕಂತೆ ಶಾಲೆ ನಡೆಸುವವರು ಶಾಲೆಗೆ ತಕ್ಕ ಮಗುವನ್ನು ಹೆಕ್ಕುವುದಿಲ್ಲ. ಮೂರನೆಯದು, ತರಗತಿ ನೋಡಲು ಬಿಡುತ್ತೀರಾ? ಸಮಯ ಗೊತ್ತುಮಾಡಿಕೊಂಡು ಬನ್ನಿ ಎಂದರೆ ನ್ಯಾಯ. ಸಾಧ್ಯವೇ ಇಲ್ಲ ಎಂದರೆ ಇನ್ನೊಂದು ಶಾಲೆ ನೋಡಿ.

ಬೋರ್ಡಿನ ಮೇಲಿನ ಹೆಸರಿಗೆ ಮರುಳಾಗಬೇಡಿ

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ‘ಮಕ್ಕಳ ಮನೆ’ ಎಂಬ ಶಾಲೆ ತೆರೆದರು. ಅವರ ಪದ್ಧತಿಯ ಹೆಸರು ಇಂದು ಎಷ್ಟೋ ಬೋರ್ಡುಗಳ ಮೇಲಿದೆ, ಪದ್ಧತಿ ಒಳಗಿರುವುದಿಲ್ಲ. ಪರೀಕ್ಷಿಸುವುದು ಸುಲಭ. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿದ್ದಾರೆಯೇ? ಬೆಳಿಗ್ಗೆ ಗಂಟೆ ಬಾರಿಸಿ ತುಂಡು ಮಾಡದ, ಸುಮಾರು ಮೂರು ಗಂಟೆಯ ಕೆಲಸದ ಹೊತ್ತು ಇದೆಯೇ? ಸಾಮಗ್ರಿ ತೆರೆದ ಕಪಾಟಿನಲ್ಲಿದೆಯೇ? ಗುಲಾಬಿ ಗೋಪುರವನ್ನೇ ನೋಡಿ: ಒಂದರ ಮೇಲೊಂದು ಪೇರಿಸುವ, 1 ಸೆಂ.ಮೀ.ನಿಂದ 10 ಸೆಂ.ಮೀ.ವರೆಗಿನ ಹತ್ತು ಘನಗಳು. ಕ್ರಮ ತಪ್ಪಿದರೆ ಗೋಪುರವೇ ಅದನ್ನು ತೋರಿಸಿಕೊಡುತ್ತದೆ, ದೊಡ್ಡವರು ‘ತಪ್ಪು’ ಎನ್ನಬೇಕಿಲ್ಲ. ಒಬ್ಬ ಮಗು ಅದನ್ನು ಕೆಡವಿ ಐದನೇ ಸಲ ಕಟ್ಟುತ್ತಿದ್ದರೆ, ಟೀಚರ್ ಸುಮ್ಮನೆ ಬಿಟ್ಟಿದ್ದರೆ, ಪದ್ಧತಿ ಜೀವಂತವಾಗಿದೆ. ಗೋಪುರದ ಮೇಲೆ ದೂಳು ಕೂತಿದ್ದರೆ ಅದು ಬಂದವರಿಗೆ ತೋರಿಸಲು ಇಟ್ಟದ್ದು.

ಬೋರ್ಡಿನಲ್ಲಿ ಯಾವ ಹೆಸರೂ ಇಲ್ಲದ ಸಣ್ಣ ಶಿಶುವಿಹಾರವನ್ನು ಕಡೆಗಣಿಸಬೇಡಿ. ಟೀಚರ್ ಒಳ್ಳೆಯವರಿದ್ದರೆ ಅದೇ ಎಲ್ಲಕ್ಕಿಂತ ಮೇಲಾಗಿರಬಹುದು.

ಮೂಲೆಯ ಒಂದು ಗಂಟೆ

ಮಾಮೂಲಿ ದಿನ, ಬೆಳಗಿನ ನಡುಹೊತ್ತಿನಲ್ಲಿ ಹೋಗಿ. ‘ಓಪನ್ ಡೇ’ ದಿನ ಕಾಣುವುದು ಪ್ರದರ್ಶನ. ಮಗುವನ್ನು ಈ ಭೇಟಿಗೆ ಕರೆದೊಯ್ಯಬೇಡಿ, ಅದನ್ನು ನೋಡಿಕೊಳ್ಳುವುದರಲ್ಲೇ ನಿಮ್ಮ ಗಮನ ಹೋಗುತ್ತದೆ. ಮೂಲೆಯಲ್ಲಿ ತಗ್ಗಾಗಿ ಕೂತು ಫೋನ್ ಚೀಲದಲ್ಲಿಡಿ. ಮೊದಲ ಹದಿನೈದು ನಿಮಿಷ ಮಕ್ಕಳೂ ಟೀಚರ್‌ಗಳೂ ನಿಮ್ಮ ಕಡೆಗೇ ಗಮನ ಕೊಡುತ್ತಾರೆ. ನಿಜವಾದ ತರಗತಿ ಅದಾದ ಮೇಲೆ ಶುರು. ಹತ್ತು ನಿಮಿಷ ನೋಡಿ ಎದ್ದುಬರುವವರು ಮೋಸ ಹೋಗುವುದು ಇಲ್ಲೇ.

ಗೋಡೆ ನೋಡಿ. ಇಪ್ಪತ್ತು ಚಿತ್ತಾರಗಳೂ ಒಂದೇ ತೆರನಾಗಿ, ಗೆರೆ ದಾಟದೆ ಇದ್ದರೆ ಅರ್ಧ ಕೆಲಸ ದೊಡ್ಡವರು ಮಾಡಿದ್ದಾರೆ. ಮಕ್ಕಳ ಕೈಚಿತ್ರ ಓರೆಕೋರೆಯಾಗಿರುತ್ತದೆ, ಒಂದರಂತೆ ಇನ್ನೊಂದಿರುವುದಿಲ್ಲ. ಅವನ್ನು ಯಾವ ಎತ್ತರಕ್ಕೆ ಅಂಟಿಸಿದ್ದಾರೆ ಎಂಬುದೂ ಒಂದು ಸುಳಿವು. ನಿಮ್ಮ ಕಣ್ಣಿನ ಮಟ್ಟದಲ್ಲಿದ್ದರೆ ಅವು ಇರುವುದು ನಿಮಗಾಗಿ.

ಯಾರಾದರೂ ನೀರು ಚೆಲ್ಲುವವರೆಗೆ ಕಾಯಿರಿ, ಒಂದು ಗಂಟೆಯಲ್ಲಿ ಒಬ್ಬರಾದರೂ ಚೆಲ್ಲುತ್ತಾರೆ. ಒರೆಸುವ ಬಟ್ಟೆ ಮಗುವಿಗೆ ಎಟುಕುವಲ್ಲಿ ತೂಗುತ್ತಿದೆಯೇ? ಟೀಚರ್ ‘ಅಯ್ಯೋ, ಮತ್ತೆ ಚೆಲ್ಲಿದೆಯಾ’ ಎಂದು ತಾವೇ ಒರೆಸಿದರೋ, ಬಟ್ಟೆಯತ್ತ ಕೈತೋರಿ ಮಗು ನಿಧಾನವಾಗಿ ಒರೆಸುವುದನ್ನು ಕಾದರೋ? ಮಗು ಒರೆಸಿದ ಮೇಲೂ ನೆಲದಲ್ಲಿ ಅರ್ಧ ನೀರು ಉಳಿದಿರುತ್ತದೆ. ಅದಕ್ಕೆ ಬೇಸರಿಸದ ಟೀಚರ್ ಸಿಕ್ಕರೆ ಆ ಶಾಲೆಯ ಹೆಸರಿನ ಮುಂದೆ ದೊಡ್ಡ ಗುರುತು ಹಾಕಿ. ಬೇರೆ ಯಾವ ಸೌಲಭ್ಯವೂ ಇದಕ್ಕೆ ಸಾಟಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅಳುವ ಮಗುವಿನ ಹತ್ತಿರ ಟೀಚರ್ ಮಂಡಿಯೂರುತ್ತಾರೋ, ನಿಂತಲ್ಲಿಂದಲೇ ‘ಜಾಣ ಮಕ್ಕಳು ಅಳಲ್ಲ’ ಎನ್ನುತ್ತಾರೋ? ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾರೋ? ಮೂರು ವರ್ಷದವರಿಗೆ ಮಾತು ಜೋಡಿಸಲು ಐದಾರು ಸೆಕೆಂಡಾದರೂ ಬೇಕು. ಆಟಿಕೆಗಾಗಿ ಇಬ್ಬರು ಕಿತ್ತಾಡಿದರೆ ಆಟಿಕೆಯನ್ನೇ ಎತ್ತಿಟ್ಟು ಜಗಳ ಮುಗಿಸುತ್ತಾರೋ, ಇಬ್ಬರ ಮಾತನ್ನೂ ಕೇಳುತ್ತಾರೋ? ಮಕ್ಕಳು ಸಾಲಿನಲ್ಲಿ, ಕೈಕಟ್ಟಿ, ಸುಮ್ಮನೆ ಕಾಯುತ್ತಾ ಕಳೆದ ನಿಮಿಷಗಳನ್ನೂ ಎಣಿಸಿ. ಒಂದು ಗಂಟೆಯಲ್ಲಿ ಹತ್ತು ದಾಟಿದರೆ ಆ ದಿನಚರಿ ದೊಡ್ಡವರ ಅನುಕೂಲಕ್ಕೆ ಹೆಣೆದದ್ದು.

ಕೋಣೆ, ಅಂಗಳ, ಪೆನ್ಸಿಲ್

ಕುರ್ಚಿಯಲ್ಲಿ ಕೂತಾಗ ಮಗುವಿನ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಮೂರು–ನಾಲ್ಕು ವರ್ಷದವರಿಗೆ ಆಸನ ಸುಮಾರು 26 ಸೆಂ.ಮೀ., ಮೇಜು 46 ಸೆಂ.ಮೀ. ಎತ್ತರವಿದ್ದರೆ ಸರಿ. ಕಾಲು ತೂಗಾಡುತ್ತಿದ್ದರೆ ಮಗು ಮಿಸುಕಾಡುತ್ತದೆ, ಆಮೇಲೆ ‘ಒಂದು ಕಡೆ ಕೂರಲ್ಲ’ ಎಂಬ ದೂರು ಮನೆಗೆ ಬರುತ್ತದೆ. ಮೂರರ ಒಳಗಿನವರ ಕೋಣೆಯಲ್ಲಿ 3.2 ಸೆಂ.ಮೀ.ಗಿಂತ ಕಡಿಮೆ ಅಗಲದ ಬಿಡಿ ಸಾಮಾನು ಇರಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮೂರು–ನಾಲ್ಕು ವರ್ಷದವರು ದಿನಕ್ಕೆ 180 ನಿಮಿಷ ಓಡಾಡಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಷ್ಟು ಚುರುಕಾಗಿರಬೇಕು, ಕೂತು ಸ್ಕ್ರೀನ್ ನೋಡುವುದು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಆ ಒಂದು ಗಂಟೆ ಹೇಗೂ ಮನೆಯಲ್ಲೇ ಖರ್ಚಾಗುತ್ತದೆ. ‘ಸ್ಮಾರ್ಟ್ ಕ್ಲಾಸ್’ ತೋರಿಸಿ ಹೆಮ್ಮೆಪಡುವ ಪ್ರಿಸ್ಕೂಲ್‌ನಲ್ಲಿ ಅಂಗಳಕ್ಕೆ ಎಷ್ಟು ಹೊತ್ತು ಬಿಡುತ್ತೀರಿ ಎಂದು ಕೇಳಿ. ಮೂರ್ನಾಲ್ಕು ಗಂಟೆಯ ಶಾಲೆಯಲ್ಲಿ ಒಂದು ಗಂಟೆಯಾದರೂ ಹೊರಗಿರಬೇಕು. ಮರಳು, ಮಣ್ಣು, ನೀರು, ಹತ್ತಲು ಏನಾದರೊಂದು ಸಾಕು.

ಅಕ್ಷರ ತಿದ್ದಿಸುವ ಆತುರವಿರುವ ಶಾಲೆಯ ಬಗ್ಗೆ ಎಚ್ಚರ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಕೆಲವು ಇನ್ನೂ ಗಟ್ಟಿಯಾಗದೆ ಮೃದ್ವಸ್ಥಿಯಾಗಿಯೇ ಇರುತ್ತವೆ, ಬೆರಳಿನ ಹಿಡಿತವೂ ಪಕ್ವವಾಗಿರುವುದಿಲ್ಲ. ಬಲವಂತವಾಗಿ ಬರೆಸಿದರೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಸುಕಿ ಹಿಡಿಯುವ ಅಭ್ಯಾಸ ಅಂಟಿಕೊಳ್ಳುತ್ತದೆ, ಬಿಡಿಸುವುದು ಕಷ್ಟ. ಜೇಡಿಮಣ್ಣು ನಾದುವುದು, ಕಾಗದ ಹರಿಯುವುದು, ಕತ್ತರಿ ಆಡಿಸುವುದು, ಗುಂಡಿ ಹಾಕುವುದು, ಜಗ್‌ನಿಂದ ಲೋಟಕ್ಕೆ ನೀರು ಸುರಿಯುವುದು, ಇವೆಲ್ಲ ಬರವಣಿಗೆಗೆ ಬೇಕಾದ ಕೈಯನ್ನು ಕಟ್ಟುತ್ತವೆ. ಶಾಲೆಯಲ್ಲಿ ವರ್ಕ್‌ಶೀಟ್ ಫೈಲ್ ದಪ್ಪಗಿದ್ದು ಜೇಡಿಮಣ್ಣು ಒಣಗಿಹೋಗಿದ್ದರೆ ಅಲ್ಲಿನ ಆದ್ಯತೆ ಸ್ಪಷ್ಟ.

ಕೇಳುವ ಪ್ರಶ್ನೆ ಹೇಗಿರಬೇಕು

‘ಆಟದ ಮೂಲಕ ಕಲಿಸುತ್ತೀರಾ’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ನಡೆದದ್ದನ್ನು ಕೇಳಿ: ನಿನ್ನೆ ಬೆಳಿಗ್ಗೆ ಈ ಗುಂಪು ಏನು ಮಾಡಿತು? ಮೊನ್ನೆ ಯಾರಾದರೂ ಕಚ್ಚಿದಾಗ, ಹೊಡೆದಾಗ ಏನು ಮಾಡಿದಿರಿ? ಎಲ್ಲರೂ ಹಾಡುವಾಗ ಒಬ್ಬರು ಬರಲೊಲ್ಲೆ ಎಂದರೆ? ಬಟ್ಟೆ ಒದ್ದೆ ಮಾಡಿಕೊಂಡರೆ ಬದಲಿಸುವವರು ಯಾರು, ಎಲ್ಲಿ? ಈ ಟೀಚರ್ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ವರ್ಷಕ್ಕೆರಡು ಸಲ ಟೀಚರ್ ಬದಲಾಗುವ ಕಡೆ ಪುಟ್ಟ ಮಗು ಯಾರನ್ನೂ ನಂಬಲು ಕಲಿಯುವುದಿಲ್ಲ. ಉತ್ತರಗಳನ್ನು ಪ್ರಾಂಶುಪಾಲರಿಂದಷ್ಟೇ ಅಲ್ಲ, ಕೋಣೆಯಲ್ಲಿರುವ ಟೀಚರ್‌ರಿಂದ ಪಡೆಯಿರಿ.

ಸುರಕ್ಷತೆಗೆ ಸಂಬಂಧಿಸಿ ಕಣ್ಣಾರೆ ಕಂಡೇ ಒಪ್ಪಿ: ಗೇಟಿನ ಬೀಗ, ನೀವು ಹೆಸರು ಕೊಟ್ಟಿರುವವರ ಕೈಗೆ ಮಾತ್ರ ಮಗುವನ್ನು ಒಪ್ಪಿಸುವ ಕ್ರಮ, ಪ್ರಥಮ ಚಿಕಿತ್ಸೆ ಬಲ್ಲವರು, ಒಳಗೆ ನಡೆಯುವುದು ಹೊರಗಿನವರಿಗೆ ಕಾಣುವಂತೆ ಗಾಜಿರುವ ಬಾಗಿಲು. ಕ್ಯಾಮೆರಾ ಇದ್ದ ಮಾತ್ರಕ್ಕೆ ಸಾಲದು.

ಸೇರಿಸಿದ ಮೇಲೆ

ಮೊದಲ ದಿನವೇ ಪೂರ್ತಿ ಹೊತ್ತು ಬಿಡಬೇಡಿ. ಒಂದೆರಡು ದಿನ ನೀವೂ ಒಳಗಿರಿ, ಆಮೇಲೆ ಅರ್ಧ ಗಂಟೆ ಹೊರಗೆ, ಬಳಿಕ ಒಂದು ಗಂಟೆ, ಹೀಗೆ ಒಂದೆರಡು ವಾರದಲ್ಲಿ ಏರಿಸುತ್ತಾ ಹೋಗಿ. ಇದಕ್ಕೆ ಶಾಲೆ ಒಪ್ಪುತ್ತದೆಯೇ ಎಂದು ಅಡ್ಮಿಷನ್‌ಗೆ ಮೊದಲೇ ಕೇಳಿರಬೇಕು. ಮಗು ಆಡುತ್ತಿರುವಾಗ ಕಣ್ತಪ್ಪಿಸಿ ಹೊರಟುಬಿಡುವುದು ಎಲ್ಲರೂ ಮಾಡುವ ತಪ್ಪು. ಮರುದಿನದಿಂದ ಮಗು ಆಟವನ್ನೇ ಬಿಟ್ಟು ನಿಮ್ಮನ್ನು ಕಾಯಲು ಶುರುಮಾಡುತ್ತದೆ. ಹೇಳಿ, ಚುಟುಕಾಗಿ ಬೀಳ್ಕೊಂಡು ಹೊರಡಿ. ‘ತಿಂಡಿ ತಿಂದ ಮೇಲೆ ಬರುತ್ತೇನೆ’ ಎಂದರೆ ಆ ಹೊತ್ತಿಗೇ ಬನ್ನಿ.

ಬಿಟ್ಟು ಹೋಗುವಾಗ ಅತ್ತು ಕೆಲವೇ ನಿಮಿಷದಲ್ಲಿ ಆಟಕ್ಕೆ ಇಳಿದರೆ ಚಿಂತೆ ಬೇಡ. ಆರು ವಾರ ಕಳೆದರೂ ಅಳು ಇಳಿಯದಿದ್ದರೆ, ನಿದ್ದೆ ಕೆಟ್ಟರೆ, ನಿಂತುಹೋಗಿದ್ದ, ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದರೆ, ಒಬ್ಬರ ಹೆಸರೆತ್ತಿದರೆ ಮಗು ಮುದುಡಿದರೆ ತಡಮಾಡದೆ ಟೀಚರ್ ಜೊತೆ ಕೂತು ಮಾತಾಡಿ, ಮತ್ತೊಮ್ಮೆ ಅದೇ ಮೂಲೆಯಲ್ಲಿ ಕೂತು ನೋಡಲು ಕೇಳಿ. ಸೇರಿಸುವ ಮುನ್ನ ಒಪ್ಪಿದ್ದವರು ಈಗ ಬೇಡ ಎಂದರೆ, ಕಟ್ಟಿದ ಶುಲ್ಕದ ಮುಖ ನೋಡದೆ ಪಟ್ಟಿಯ ಎರಡನೇ ಶಾಲೆಗೆ ಫೋನ್ ಮಾಡಿ.