ಮೈಕನ್ನು ಹಾಲಿನ ಡೈರಿಗೆ ಒಯ್ದೆವು

ಕೋಲಾರ ಜಿಲ್ಲೆಯ ಒಂದು ಸಮುದಾಯ ರೇಡಿಯೋದಲ್ಲಿ, ಅಂದರೆ ಊರಿನವರಿಗಾಗಿ ಊರಿನವರೇ ಮಾತಾಡುವ ಸಣ್ಣ ರೇಡಿಯೋದಲ್ಲಿ, ಕಾರ್ಯಕ್ರಮ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಕಡೆ ಇದು ಹೊಸದೇನಲ್ಲ. ಸ್ವಯಂಸೇವಾ ಸಂಸ್ಥೆಗಳಿಗೂ ರೇಡಿಯೋ ಲೈಸೆನ್ಸ್ ಕೊಡುವ ನೀತಿ ಬಂದದ್ದು 2006ರಲ್ಲಿ. ಅದಕ್ಕೂ ಮೊದಲೇ ನಮ್ಮ ಜಿಲ್ಲೆಯ ಬೂದಿಕೋಟೆಯ ಸಮುದಾಯ ರೇಡಿಯೋ ‘ನಮ್ಮ ಧ್ವನಿ’ಯವರು ಕೇಬಲ್ ಎಳೆದು ಊರಿನವರ ಮಾತನ್ನು ಮನೆಗಳಿಗೆ ಮುಟ್ಟಿಸಿದ್ದರು.

ನಮಗೆ ಲೈಸೆನ್ಸ್ ಇತ್ತು, ಟವರ್ ಇತ್ತು. ಮಾತಾಡುವವರು ಮಾತ್ರ ಅದೇ ನಾಲ್ಕು ಜನ: ಮೇಷ್ಟ್ರು, ಡಾಕ್ಟರು, ರಿಟೈರ್ಡ್ ಅಧಿಕಾರಿ, ಸಂಘದ ಅಧ್ಯಕ್ಷರು. ‘ಸ್ಟುಡಿಯೋಗೆ ಯಾರು ಬೇಕಾದರೂ ಬನ್ನಿ’ ಅಂತ ದಿನಾ ಹೇಳುತ್ತಿದ್ದೆವು. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಯಾರು ಬರುತ್ತಾರೆ ಹೇಳಿ? ಬಂದರೂ ಆ ಮುಚ್ಚಿದ ರೂಮಿನಲ್ಲಿ ಬಾಯಿ ಒಣಗುತ್ತದೆ.

ಹಾಗಾಗಿ ರೆಕಾರ್ಡರ್ ಹಿಡಿದು ಸಂಜೆ ಹೊತ್ತು ಹಾಲಿನ ಡೈರಿಗೆ ಹೋಗತೊಡಗಿದೆವು. ಹಾಲು ಹಾಕಿ ಚೀಟಿ ತಗೊಂಡ ಹೆಂಗಸರು ಅಲ್ಲಿ ಸ್ವಲ್ಪ ಹೊತ್ತು ನಿಂತು ಮಾತಾಡುತ್ತಾರೆ. ಕ್ಯಾನಿನ ಸದ್ದು ಜಾಸ್ತಿ, ಅದಕ್ಕೆ ಕಟ್ಟಡದ ಹಿಂದಿನ ಗೋಡೆ ಮರೆಗೆ ಹೋಗುತ್ತೇವೆ. ಮೈಕನ್ನು ಬಾಯಿಂದ ಒಂದು ಗೇಣು ದೂರ, ಕೊಂಚ ಓರೆಯಾಗಿ ಹಿಡಿದರೆ ಉಸಿರು ಬಡಿಯುವುದಿಲ್ಲ. ‘ನಿಮ್ಮ ಅಭಿಪ್ರಾಯವೇನು’ ಅಂತ ಮಾತ್ರ ಕೇಳಬಾರದು. ‘ಅಕ್ಕಾ, ಇವತ್ತು ಫ್ಯಾಟ್ ಎಷ್ಟು ಬಂತು?’ ಅಂದರೆ ಸಾಕು. ಫ್ಯಾಟ್ ಅಂದರೆ ಹಾಲಿನ ಕೊಬ್ಬಿನಂಶ. ಫ್ಯಾಟಿನಿಂದ ಮೇವು, ಮೇವಿನಿಂದ ಬತ್ತಿದ ಬೋರ್‌ವೆಲ್, ಅಲ್ಲಿಂದ ಮಗಳ ಕಾಲೇಜು ಫೀಸು. ಆಮೇಲೆ ನಾವು ಸುಮ್ನೆ ಮೈಕ್ ಹಿಡಿದುಕೊಂಡರಾಯಿತು.

ತುಂಬಾ ಮನೆಗಳಲ್ಲಿ ತೆಲುಗು ಆಡುತ್ತಾರೆ. ರೇಡಿಯೋ ಅಂದ ಕೂಡಲೇ ಪುಸ್ತಕದ ಕನ್ನಡ ಹುಡುಕುತ್ತಾ ತಡವರಿಸುತ್ತಿದ್ದರು. ಮನೆಯಲ್ಲಿ ಆಡೋ ಹಾಗೇ ಆಡಿ ಅಂದೆವು. ಎರಡೂ ಕಲೆತ ಮಾತನ್ನು ತಿದ್ದದೆ ಹಾಕಿದೆವು. ಕೆಲವು ಓದಿದವರಿಗೆ ಹಿಡಿಸಲಿಲ್ಲ. ಆದರೆ ಸ್ಥಳೀಯ ಭಾಷೆಯಲ್ಲಿ ಕಾರ್ಯಕ್ರಮ ಮಾಡಿ ಅಂತ ನೀತಿಯೇ ಹೇಳುತ್ತದೆ, ಅಲ್ವಾ?

ನೀತಿಯಲ್ಲಿ ಇನ್ನೊಂದು ಮಾತಿದೆ. ನಾವೇ ಸುದ್ದಿ ತಯಾರಿಸಿ ಹಾಕುವುದು, ರಾಜಕೀಯ ನಮಗೆ ಕೂಡದು. ಇದಕ್ಕೆ ಹೆದರಿ ಜನರ ದೂರನ್ನೆಲ್ಲ ಕತ್ತರಿಸುವ ರೇಡಿಯೋಗಳಿವೆ. ಅಷ್ಟು ಹೆದರಬೇಕಿಲ್ಲ. ನೀರು, ಕರೆಂಟಿನಂಥ ನಾಗರಿಕ ಸೌಲಭ್ಯದ ಮಾಹಿತಿ ಕೊಡಬಹುದು. ನಲ್ಲಿಯಲ್ಲಿ ನೀರು ಬರಲಿಲ್ಲ ಅಂತ ಒಬ್ಬರು ಹೇಳಿದರೆ, ಮೋಟಾರು ಯಾಕೆ ನಿಂತಿದೆ, ಯಾವಾಗ ರಿಪೇರಿ ಅಂತ ವಾಟರ್‌ಮನ್ ಬಾಯಲ್ಲೇ ಹೇಳಿಸಿ ಎರಡನ್ನೂ ಒಟ್ಟಿಗೆ ಹಾಕುತ್ತೇವೆ. ಯಾವ ಪಕ್ಷದ ಹೆಸರೂ ಬರುವುದಿಲ್ಲ.

ಪ್ರಸಾರಕ್ಕೆ ಮೊದಲು ಮಾತಾಡಿದವರಿಗೇ ಕೇಳಿಸುವುದು ನಮ್ಮಲ್ಲಿ ಕಡ್ಡಾಯ. ರೇಷ್ಮೆ ಹುಳು ಸಾಕುವ ಒಬ್ಬರು ಸಾಲದ ಮಾತು ತೆಗೆಯಲು ಹೇಳಿದರು. ಕಾರ್ಯಕ್ರಮದ ಜೀವವೇ ಅದಾಗಿತ್ತು, ಹೊಟ್ಟೆ ಉರಿಯಿತು. ತೆಗೆದೆವು. ಊರಲ್ಲಿ ನಾಳೆ ತಲೆ ಎತ್ತಿ ಓಡಾಡಬೇಕಾದವರು ಅವರು.

ಈಗ ವಾರದ ಪಟ್ಟಿ ಮಾಡುವ ಕೂಟದಲ್ಲಿ ಡೈರಿಯ ಹೆಂಗಸರೂ ಕೂರುತ್ತಾರೆ. ಬಂದ ಮೊದಲಿಗೇ ಅವರ ಕಾರ್ಯಕ್ರಮವನ್ನು ಮಧ್ಯಾಹ್ನದಿಂದ ರಾತ್ರಿ ಎಂಟಕ್ಕೆ ತಳ್ಳಿಸಿದರು. ಹಗಲು ರೇಡಿಯೋ ಕೇಳಲು ಪುರುಸೊತ್ತು ಯಾರಿಗಿದೆ ಅಂತ ಅವರ ವಾದ. ಆ ಹೊತ್ತು ಭಜನೆ ಮಂಡಳಿಗೂ ಬೇಕು, ಯುವಕರ ಸಂಘಕ್ಕೂ ಬೇಕು. ಜಗಳ ಆಗಿ, ಈಗ ತಿಂಗಳಿಗೊಮ್ಮೆ ಚೀಟಿ ಎತ್ತಿ ಹಂಚುತ್ತೇವೆ.